ಕೃಷ್ಣಪಕ್ಷದ ಅಷ್ಟಮಿಗೆ ಹ್ಯಾವ್‌ಲಾಕ್

ಸೂರ್ಯ ಮುಳುಗುವುದನ್ನು ನೋಡೋಣ ಅಂತ ಡಿಸೆಂಬರಿನಲ್ಲಿ ಸಂಜೆ ಐದೂವರೆಗೆ ಅಂಡಮಾನಿನ ಹ್ಯಾವ್‌ಲಾಕ್ ದ್ವೀಪದ ರಾಧಾನಗರ ಬೀಚಿಗೆ ಹೋದವರಿಗೆ ಕತ್ತಲೆ ಸಿಗುತ್ತದೆ. ಎದುರಿಗೆ ವಾಪಸ್ ಹೊರಟ ಸ್ಕೂಟರ್‌ಗಳ ಸಾಲು. ಸೂರ್ಯ 4.55ರ ಹೊತ್ತಿಗೇ ಹೋಗಿಯಾಗಿರುತ್ತದೆ. ಹೋಟೆಲಿನಲ್ಲಿ ಯಾರೂ ಮುಂಚೆ ಹೇಳಿರುವುದಿಲ್ಲ, ಏಕೆಂದರೆ ಅಲ್ಲಿನವರಿಗೆ ಅದು ಹೇಳಬೇಕಾದ ವಿಷಯವೇ ಅಲ್ಲ.

ಕಾರಣ ಸರಳ. ಮೈಸೂರಿನಿಂದ ಸೀದಾ ಪೂರ್ವಕ್ಕೆ ಗೆರೆ ಎಳೆದರೆ ಅದು ಬಂಗಾಳ ಕೊಲ್ಲಿ ದಾಟಿ ಹ್ಯಾವ್‌ಲಾಕ್ ದ್ವೀಪದ ಪಕ್ಕದಲ್ಲೇ ಹಾಯುತ್ತದೆ. ಅಕ್ಷಾಂಶ ಹೆಚ್ಚೂಕಡಿಮೆ ಒಂದೇ, ಸುಮಾರು 12 ಡಿಗ್ರಿ ಉತ್ತರ. ಆದರೆ ರೇಖಾಂಶದಲ್ಲಿ 16 ಡಿಗ್ರಿ ಆಚೆ. ಒಂದು ಡಿಗ್ರಿಗೆ 4 ನಿಮಿಷದಂತೆ ಅಲ್ಲಿನ ಸೂರ್ಯ ನಮ್ಮ ಸೂರ್ಯನಿಗಿಂತ ಒಂದು ಗಂಟೆಗೂ ತುಸು ಮುಂದೆ ಓಡುತ್ತಿರುತ್ತಾನೆ. ಗಡಿಯಾರ ಮಾತ್ರ ಎರಡೂ ಕಡೆ ಒಂದೇ. ಹಾಗಾಗಿ ಡಿಸೆಂಬರಿನಲ್ಲಿ ಬೆಳಕು ಹರಿಯುವುದು ಐದೂಕಾಲಿಗೆ, ನಡುಮಧ್ಯಾಹ್ನ ಬರುವುದು ಹನ್ನೊಂದೂಕಾಲಿಗೆ. ಫೆಬ್ರುವರಿ ಮಧ್ಯದ ಹೊತ್ತಿಗೆ ಸೂರ್ಯಾಸ್ತ 5.25ರ ಆಸುಪಾಸಿಗೆ ಸರಿಯುತ್ತದೆ, ಏಪ್ರಿಲ್‌ನಲ್ಲಿ ಐದೂವರೆ.

ಇದೊಂದನ್ನು ತಲೆಗೆ ಹಾಕಿಕೊಂಡರೆ ಅರ್ಧ ರಜೆ ಸರಿಹೋಯಿತು. ಬೆಂಗಳೂರಿನ ಅಭ್ಯಾಸದಲ್ಲಿ ಎಂಟೂವರೆಗೆ ಎದ್ದು, ಒಂಬತ್ತೂವರೆಗೆ ತಿಂಡಿ ಮುಗಿಸಿ, ಹತ್ತೂವರೆಗೆ ನೀರಿಗಿಳಿಯುವ ಜೋಡಿ ನೆತ್ತಿಯ ಬಿಸಿಲಿಗೇ ಸರಿಯಾಗಿ ತಲೆ ಕೊಟ್ಟಿರುತ್ತದೆ. ಎರಡನೇ ದಿನಕ್ಕೆ ಹೆಗಲು ಕೆಂಪು, ಮೂರನೇ ದಿನಕ್ಕೆ ಮುಟ್ಟಿದರೆ ಉರಿ. ಹ್ಯಾವ್‌ಲಾಕ್‌ನಲ್ಲಿ ಸಮುದ್ರಕ್ಕೆ ಇಳಿಯಬೇಕಾದ ಹೊತ್ತು ಬೆಳಗ್ಗೆ ಐದೂವರೆಯಿಂದ ಎಂಟೂವರೆ, ಆಮೇಲೆ ಮಧ್ಯಾಹ್ನ ಎರಡೂವರೆಯಿಂದ ನಾಲ್ಕೂಮುಕ್ಕಾಲು. ನಡುವೆ ಊಟ, ನಿದ್ದೆ, ನೆರಳು. ರಾತ್ರಿ ಎಂಟಕ್ಕೆ ಊಟ, ಒಂಬತ್ತಕ್ಕೆ ಹಾಸಿಗೆ. ದಂಪತಿಗಳಲ್ಲಿ ಒಬ್ಬರು ಬೇಗ ಏಳುವವರು, ಇನ್ನೊಬ್ಬರು ತಡವಾಗಿ ಏಳುವವರು ಎಂಬ ಹಳೆಯ ಜಗಳವೂ ಇಲ್ಲಿ ಅರ್ಧ ಕರಗುತ್ತದೆ. ಬೆಳಗ್ಗೆ ಆರಕ್ಕೆ ಎದ್ದವರು ಸೂರ್ಯನ ಲೆಕ್ಕದಲ್ಲಿ ಏಳಕ್ಕೆ ಎದ್ದವರೇ ತಾನೆ.

ಹೆಸರಿನ ಗೊಂದಲವನ್ನು ಇಲ್ಲೇ ಮುಗಿಸಿಬಿಡೋಣ. ಹ್ಯಾವ್‌ಲಾಕ್‌ಗೆ 2018ರ ಡಿಸೆಂಬರಿನಿಂದ ಸ್ವರಾಜ್ ದ್ವೀಪ ಎಂದು ಹೆಸರು, ಪಕ್ಕದ ನೀಲ್‌ಗೆ ಶಹೀದ್ ದ್ವೀಪ. ಅಂಡಮಾನಿನ ರಾಜಧಾನಿ ಪೋರ್ಟ್ ಬ್ಲೇರ್ 2024ರ ಸೆಪ್ಟೆಂಬರಿನಿಂದ ಶ್ರೀ ವಿಜಯ ಪುರಂ. ಟಿಕೆಟಿನಲ್ಲಿ ಹಳೆಯದೂ ಇರಬಹುದು, ಹೊಸದೂ ಇರಬಹುದು, ಗಾಬರಿ ಬೇಡ. ಜನರ ಬಾಯಲ್ಲಿ ಇನ್ನೂ ಹ್ಯಾವ್‌ಲಾಕ್, ನೀಲ್, ಪೋರ್ಟ್ ಬ್ಲೇರ್.

ಎರಡನೆಯ ಗಡಿಯಾರ ಚಂದ್ರನದು. ಮಲ್ಪೆ, ಕುಂದಾಪುರ, ಕಾರವಾರದ ಕಡೆಯವರಿಗೆ ಉಬ್ಬರ-ಇಳಿತ ಹೇಳಿಕೊಡಬೇಕಿಲ್ಲ. ಬಯಲುಸೀಮೆಯ ನಮಗೆ ಸಮುದ್ರ ಎಂದರೆ ಸದಾ ಒಂದೇ ಕಡೆ ಇರುವ ನೀರು. ಹ್ಯಾವ್‌ಲಾಕ್‌ನ ಪೂರ್ವ ದಡದಲ್ಲಿ ಆ ನಂಬಿಕೆ ಮೊದಲ ಬೆಳಗ್ಗೆಯೇ ಒಡೆಯುತ್ತದೆ. ಮೂರನೇ ನಂಬರ್, ಐದನೇ ನಂಬರ್ ಬೀಚುಗಳಲ್ಲಿ (ಗೋವಿಂದನಗರ, ವಿಜಯನಗರ ಎಂದು ಹೆಸರಿದ್ದರೂ ಎಲ್ಲರೂ ಕರೆಯುವುದು ನಂಬರಿನಲ್ಲೇ) ಇಳಿತದ ಹೊತ್ತಿಗೆ ನೀರು ನೂರಾರು ಮೀಟರ್ ಹಿಂದೆ ಸರಿದು, ಸತ್ತ ಹವಳದ ತುಂಡು, ಪಾಚಿ, ಸಣ್ಣ ಹೊಂಡಗಳು ಎದ್ದು ಕಾಣುತ್ತವೆ. ಫೋಟೋದಲ್ಲಿ ಕಿಟಕಿಗೇ ಬಂದು ತಾಗುತ್ತಿದ್ದ ನೀಲಿ ಸಮುದ್ರ ಎಲ್ಲಿ ಹೋಯಿತು ಎಂದು ರಿಸೆಪ್ಷನ್‌ನಲ್ಲಿ ಕೇಳುವವರು ದಿನವೂ ಇರುತ್ತಾರೆ. ಆರು ಗಂಟೆ ಕಾದರೆ ಅದು ಬಂದೇ ಬರುತ್ತದೆ.

ಲೆಕ್ಕ ಹೀಗೆ. ದಿನಕ್ಕೆ ಎರಡು ಉಬ್ಬರ, ಎರಡು ಇಳಿತ. ಒಂದು ಸುತ್ತು ಮುಗಿಯಲು 24 ಗಂಟೆ 50 ನಿಮಿಷ, ಅಂದರೆ ಪ್ರತಿದಿನ ಸರಾಸರಿ 50 ನಿಮಿಷ ತಡ. ಇವತ್ತು ಇಳಿತ ಬೆಳಗ್ಗೆ 7ಕ್ಕೆ ಇದ್ದರೆ ಉಬ್ಬರ ಮಧ್ಯಾಹ್ನ ಒಂದೂಕಾಲಿಗೆ, ಮತ್ತೆ ಇಳಿತ ಸಂಜೆ ಏಳೂವರೆಯ ಹೊತ್ತಿಗೆ. ನಾಲ್ಕು ದಿನ ಕಳೆದರೆ ಬೆಳಗಿನ ಇಳಿತ ಹತ್ತೂವರೆಯ ಆಸುಪಾಸಿಗೆ ಬಂದು ನಿಂತಿರುತ್ತದೆ. ಇನ್ನು ಎಷ್ಟು ಏರುತ್ತದೆ, ಎಷ್ಟು ಇಳಿಯುತ್ತದೆ ಎಂಬುದು ತಿಥಿಗೆ ಸೇರಿದ್ದು. ಅಮಾವಾಸ್ಯೆ, ಹುಣ್ಣಿಮೆಯಲ್ಲಿ ಸೂರ್ಯ ಚಂದ್ರರ ಸೆಳೆತ ಒಂದೇ ಗೆರೆಯಲ್ಲಿರುವುದರಿಂದ ಏರಿಳಿತ ದೊಡ್ಡದು. ಪೋರ್ಟ್ ಬ್ಲೇರ್ ಕಡೆ ಎರಡು ಮೀಟರಿನ ಆಸುಪಾಸು. ಅಷ್ಟಮಿ ಆಗಿ ಒಂದೆರಡು ದಿನಕ್ಕೆ ಅದು ಅರ್ಧಕ್ಕೂ ಕಡಿಮೆ. ಚಪ್ಪಟೆಯಾದ ದಡದಲ್ಲಿ ಒಂದು ಮೀಟರ್ ನೀರು ಹೆಚ್ಚು ಇಳಿಯಿತೆಂದರೆ ಅಂಚು ಎಷ್ಟು ದೂರ ಸರಿದೀತು ಎಂದು ಊಹಿಸಿಕೊಳ್ಳಿ.

ಆದ್ದರಿಂದ ಆರಾಮಾಗಿ ಈಜುವ ರಜೆ ಬೇಕಾದವರು ಅಷ್ಟಮಿಯ ಸುತ್ತ ಹೊರಡಬೇಕು. ಯಾವ ಅಷ್ಟಮಿ? ಕೃಷ್ಣಪಕ್ಷದ್ದು. ಶುಕ್ಲಪಕ್ಷದ ಅಷ್ಟಮಿಯಲ್ಲೂ ಏರಿಳಿತ ಅಷ್ಟೇ ಸಣ್ಣದು, ಆದರೆ ಸಂಜೆಯಿಂದ ನಡುರಾತ್ರಿವರೆಗೆ ಅರ್ಧಚಂದ್ರ ಆಕಾಶದಲ್ಲಿರುತ್ತಾನೆ. ಕೃಷ್ಣಪಕ್ಷದ ಅಷ್ಟಮಿಯಿಂದ ದ್ವಾದಶಿವರೆಗೆ ಚಂದ್ರ ಏಳುವುದೇ ನಡುರಾತ್ರಿಯ ಸುಮಾರಿಗೆ ಅಥವಾ ಆಮೇಲೆ. ಸಂಜೆ ಏಳಕ್ಕೆ ಕಡು ಕತ್ತಲು, ಕೈಗೆ ಸಿಗುವಷ್ಟು ನಕ್ಷತ್ರ, ಮತ್ತು ಹ್ಯಾವ್‌ಲಾಕ್ ನೀರಿನಲ್ಲಿ ಮಿನುಗುವ ಸೂಕ್ಷ್ಮಜೀವಿಗಳನ್ನು ನೋಡಲು ಬೇಕಾದ ಕತ್ತಲು. ಹಗಲಲ್ಲಿ ಶಾಂತ ಸಮುದ್ರ, ರಾತ್ರಿ ಕಪ್ಪು ಆಕಾಶ, ಎರಡೂ ಒಟ್ಟಿಗೆ ಸಿಗುವುದು ತಿಂಗಳಿಗೆ ಈ ನಾಲ್ಕೈದು ದಿನ. ಮನೆಯ ಗೋಡೆಗೆ ನೇತುಹಾಕಿದ ಕ್ಯಾಲೆಂಡರಿನಲ್ಲೇ ಇಷ್ಟು ತಿಳಿಯುತ್ತದೆ. ಗಂಟೆ-ನಿಮಿಷ ಬೇಕಿದ್ದರೆ ಹೈದರಾಬಾದಿನ ಸಾಗರ ಮಾಹಿತಿ ಸಂಸ್ಥೆ ಇನ್‌ಕಾಯಿಸ್‌ನ (INCOIS) ಜಾಲತಾಣದಲ್ಲಿ ಉಬ್ಬರದ ಸಮಯ, ಅಲೆಯ ಎತ್ತರದ ಮುನ್ಸೂಚನೆ ಎರಡೂ ಇವೆ.

ಇದಕ್ಕೆ ಒಂದು ಬೆಲೆಯೂ ಇದೆ. ನೀಲ್ ದ್ವೀಪದ ಲಕ್ಷ್ಮಣಪುರದ ಕಲ್ಲಿನ ಸೇತುವೆಯಂಥ ಜಾಗಕ್ಕೆ ನಡೆದು ಹೋಗಲು, ಹೊಂಡಗಳಲ್ಲಿ ಸಿಕ್ಕಿಕೊಂಡ ಏಡಿ, ಸಮುದ್ರಸೌತೆ ನೋಡಲು ದೊಡ್ಡ ಇಳಿತವೇ ಬೇಕು. ಅದು ಬೇಕಾದವರು ಹುಣ್ಣಿಮೆಗೆ ಹೋಗಲಿ. ಎರಡೂ ಬೇಕೆಂದರೆ ಆಗುವುದಿಲ್ಲ.

ಪಶ್ಚಿಮ ದಡದ ರಾಧಾನಗರಕ್ಕೆ, ಅಂದರೆ ಏಳನೇ ನಂಬರಿಗೆ, ಈ ಕಾಟ ಇಲ್ಲ. ಅಲ್ಲಿ ಅಡಿಯಲ್ಲಿ ಹವಳವಿಲ್ಲ, ನಯವಾದ ಮರಳು. ಇಳಿತದಲ್ಲೂ ಈಜಬಹುದು. 2004ರಲ್ಲಿ ಟೈಮ್ ಪತ್ರಿಕೆ ಏಷ್ಯಾದ ಅತ್ಯುತ್ತಮ ಬೀಚ್ ಎಂದು ಹೊಗಳಿದ ಮೇಲೆ ಇದರ ನಸೀಬು ತಿರುಗಿತು. 2020ರ ಅಕ್ಟೋಬರಿನಲ್ಲಿ ಭಾರತದ 8 ಬೀಚುಗಳಿಗೆ ಮೊದಲ ಸಲ ಸ್ವಚ್ಛತೆ, ಸುರಕ್ಷತೆಗೆ ಕೊಡುವ ಅಂತಾರಾಷ್ಟ್ರೀಯ ಬ್ಲೂ ಫ್ಲ್ಯಾಗ್ ಮಾನ್ಯತೆ ಬಂದಾಗ ರಾಧಾನಗರದ ಜೊತೆ ನಮ್ಮ ಕಾಸರಕೋಡು, ಪಡುಬಿದ್ರಿಯೂ ಇದ್ದವು. ಶೌಚಾಲಯ, ಬಟ್ಟೆ ಬದಲಿಸುವ ಕೋಣೆ, ಲೈಫ್‌ಗಾರ್ಡ್ ಎಲ್ಲ ಇರುವುದು ಆ ಮಾನ್ಯತೆಯ ಷರತ್ತಿನಿಂದ. ಮೇ ತಿಂಗಳಿಂದ ಸೆಪ್ಟೆಂಬರ್‌ವರೆಗೆ ನೈಋತ್ಯ ಮುಂಗಾರು ನೇರವಾಗಿ ಬಂದು ಬಡಿಯುವುದು ಇದೇ ದಡಕ್ಕೆ. ಆಗ ಅಲೆ ದೊಡ್ಡದು, ಅಡಿಯ ಸೆಳೆತ ಜೋರು, ಮಳೆಯಂತೂ ಇದ್ದೇ ಇದೆ. ಜನವರಿಯಿಂದ ಏಪ್ರಿಲ್ ಮಧ್ಯದವರೆಗಿನ ಸಮುದ್ರ ಇದಕ್ಕಿಂತ ಬೇರೆಯದೇ ಜೀವಿ.

ಈಗ ಎಷ್ಟು ದಿನ, ಎಷ್ಟು ದ್ವೀಪ ಎಂಬ ಪ್ರಶ್ನೆ. ಟೂರ್ ಪ್ಯಾಕೇಜುಗಳ ಮಾಮೂಲಿ ಅಚ್ಚು ಹೀಗಿರುತ್ತದೆ: ಪೋರ್ಟ್ ಬ್ಲೇರ್‌ನಲ್ಲಿ ಎರಡು ರಾತ್ರಿ, ಹ್ಯಾವ್‌ಲಾಕ್‌ನಲ್ಲಿ ಎರಡು, ನೀಲ್‌ನಲ್ಲಿ ಒಂದು, ಮತ್ತೆ ಪೋರ್ಟ್ ಬ್ಲೇರ್‌ನಲ್ಲಿ ಒಂದು. ಆರು ರಾತ್ರಿಗೆ ನಾಲ್ಕು ಸಲ ಚೆಕ್-ಇನ್. ಒಂದು ದ್ವೀಪದಿಂದ ಇನ್ನೊಂದಕ್ಕೆ ಹೋಗುವುದೆಂದರೆ ಏನು ಅಂತ ಬಿಡಿಸಿ ನೋಡಿ. ಬೆಳಗ್ಗೆ ಒದ್ದೆ ಬಟ್ಟೆ ಸಮೇತ ಪೆಟ್ಟಿಗೆ ಕಟ್ಟಬೇಕು, ಬಿಲ್ ಚುಕ್ತಾ ಮಾಡಬೇಕು, ಆಟೋ ಹಿಡಿದು ಜೆಟ್ಟಿಗೆ ಒಂದು ಗಂಟೆ ಮೊದಲೇ ಸೇರಬೇಕು, ಸಾಲಿನಲ್ಲಿ ನಿಲ್ಲಬೇಕು, ಒಂದರಿಂದ ಎರಡು ಗಂಟೆ ಫೆರ್ರಿಯಲ್ಲಿ ಕೂರಬೇಕು, ಇಳಿದು ಮತ್ತೆ ಆಟೋ, ಕೋಣೆ ಖಾಲಿಯಾಗುವವರೆಗೆ ಲಾಬಿಯಲ್ಲಿ ಪೆಟ್ಟಿಗೆ ಕಾಯಬೇಕು. ಸರಿಯಾಗಿ ಅರ್ಧ ದಿನ. ಅದೂ ಬೆಳಗಿನ ಒಳ್ಳೆಯ ಅರ್ಧ. ಮೂರು ಸಲ ಹೀಗಾದರೆ ಆರು ದಿನದಲ್ಲಿ ಒಂದೂವರೆ ದಿನ ಪೆಟ್ಟಿಗೆಗೇ ಅರ್ಪಣೆ.

ಆರು ರಾತ್ರಿ ಇದ್ದರೆ ಐದನ್ನು ಹ್ಯಾವ್‌ಲಾಕ್‌ಗೆ ಕೊಡಿ, ಕೊನೆಯ ಒಂದನ್ನು ಪೋರ್ಟ್ ಬ್ಲೇರ್‌ಗೆ. ಎಂಟು ರಾತ್ರಿ ಇದ್ದರೆ ಮಾತ್ರ ನೀಲ್‌ಗೆ ಎರಡು. ನೀಲ್‌ಗೆ ಒಂದು ರಾತ್ರಿ ಕೊಡುವುದು ದುಡ್ಡು ದಂಡ. ಆ ದ್ವೀಪದ ಸುಖವೇ ಏನೂ ಮಾಡದಿರುವುದರಲ್ಲಿ ಇದೆ, ಒಂದೇ ರಾತ್ರಿಗೆ ಬಂದವರು ಅಲ್ಲಿಯೂ ಮೂರು ‘ಪಾಯಿಂಟ್’ ಮುಗಿಸಲು ಓಡುತ್ತಾರೆ.

ಕೊನೆಯ ರಾತ್ರಿ ಪೋರ್ಟ್ ಬ್ಲೇರ್‌ನಲ್ಲಿ ಕಳೆಯಬೇಕೆನ್ನುವುದು ಶಾಸ್ತ್ರಕ್ಕಲ್ಲ. ವಾಪಸ್ ಬರುವಾಗ ಫೆರ್ರಿ ಮತ್ತು ವಿಮಾನವನ್ನು ಒಂದೇ ದಿನಕ್ಕೆ ಇಟ್ಟುಕೊಳ್ಳಲೇಬಾರದು. ಸಮುದ್ರ ಕೆಟ್ಟರೆ ಫೆರ್ರಿ ನಿಲ್ಲುತ್ತದೆ, ವಿಮಾನ ಕಾಯುವುದಿಲ್ಲ. 2016ರ ಡಿಸೆಂಬರಿನಲ್ಲಿ, ಆಮೇಲೆ ವರ್ದಾ ಚಂಡಮಾರುತವಾಗಿ ಚೆನ್ನೈಗೆ ಬಡಿದ ಅದೇ ವಾಯುಭಾರ ಕುಸಿತ, ಹ್ಯಾವ್‌ಲಾಕ್ ಮತ್ತು ನೀಲ್‌ನಲ್ಲಿ ಸಾವಿರಕ್ಕೂ ಹೆಚ್ಚು ಪ್ರವಾಸಿಗರನ್ನು ದಿನಗಟ್ಟಲೆ ಕಟ್ಟಿಹಾಕಿತ್ತು. ನೌಕಾಪಡೆ, ಕರಾವಳಿ ಕಾವಲು ಪಡೆಯ ಹಡಗುಗಳು ಹೋಗಿ ಕರೆತರಬೇಕಾಯಿತು. ನವೆಂಬರ್-ಡಿಸೆಂಬರ್ ಹೋಗಬಾರದ ತಿಂಗಳುಗಳಲ್ಲ, ಆದರೆ ಕೈಯಲ್ಲಿ ಒಂದು ದಿನ ಹೆಚ್ಚಿಗೆ ಇಟ್ಟುಕೊಂಡು ಹೋಗಬೇಕಾದ ತಿಂಗಳುಗಳು. ಹೇಗೂ ಉಳಿದ ಆ ಅರ್ಧ ದಿನದಲ್ಲಿ 1906ರಲ್ಲಿ ಕಟ್ಟಿ ಮುಗಿದ ಸೆಲ್ಯುಲರ್ ಜೈಲು ನೋಡಬಹುದು. ಬೀಚಿನ ರಜೆಯ ಮೊದಲ ದಿನ ಅದನ್ನು ನೋಡುವುದಕ್ಕಿಂತ ಕೊನೆಗೆ ನೋಡುವುದು ಒಳ್ಳೆಯದು. ನೋಡಿದ ಮೇಲೆ ಸ್ವಲ್ಪ ಹೊತ್ತು ಮಾತು ಹೊರಡುವುದಿಲ್ಲ.

ಬುಕಿಂಗ್ ಕ್ರಮ: ಮೊದಲು ವಿಮಾನ, ಆಮೇಲೆ ಫೆರ್ರಿ, ಕೊನೆಗೆ ಕೋಣೆ. ಬಹಳ ಜನ ಕೋಣೆ ಮೊದಲು ಹಿಡಿದು, ಆ ದಿನ ಫೆರ್ರಿ ಸೀಟೇ ಇಲ್ಲ ಎಂದು ಪರದಾಡುತ್ತಾರೆ. ಬೆಂಗಳೂರಿನಿಂದ ಬೆಳಗಿನ ವಿಮಾನ ಹಿಡಿದರೆ ಅದೇ ದಿನ ಮಧ್ಯಾಹ್ನದ ಫೆರ್ರಿ ಹತ್ತಬಹುದು, ಆದರೆ ನಡುವೆ ನಾಲ್ಕು ಗಂಟೆ ಬಿಡಿ. ಪೋರ್ಟ್ ಬ್ಲೇರ್‌ನಲ್ಲಿ ಜೆಟ್ಟಿ ಒಂದೇ ಅಲ್ಲ. ಮಕ್ರೂಜ್, ನಾಟಿಕಾದಂಥ ಖಾಸಗಿ ಹಡಗುಗಳು ಹ್ಯಾಡೋ ಕಡೆಯಿಂದ, ಸರ್ಕಾರಿ ಫೆರ್ರಿಗಳು ಫೀನಿಕ್ಸ್ ಬೇ ಜೆಟ್ಟಿಯಿಂದ. ಆಟೋದವರಿಗೆ ಬರೀ ‘ಜೆಟ್ಟಿ’ ಎಂದರೆ ಯಾವುದಕ್ಕಾದರೂ ಕರೆದೊಯ್ಯಬಹುದು, ಟಿಕೆಟ್ಟನ್ನೇ ತೋರಿಸಿ. ಟಿಕೆಟಿನ ಹೆಸರು ಗುರುತಿನ ಚೀಟಿಯಲ್ಲಿರುವಂತೆಯೇ ಇರಲಿ. ಮದುವೆಯಾದ ಮೇಲೆ ಹೆಸರಿನ ಬಾಲ ಬದಲಾಗಿ, ಆಧಾರ್‌ನಲ್ಲಿ ಹಳೆಯದೇ ಉಳಿದಿರುವುದು ಹೊಸ ಜೋಡಿಗಳಿಗೆ ಜೆಟ್ಟಿಯಲ್ಲೇ ಗೊತ್ತಾಗುವ ಸಂಗತಿ.

ಖಾಸಗಿ ಹಡಗು ಹ್ಯಾವ್‌ಲಾಕ್‌ಗೆ ಒಂದೂವರೆಯಿಂದ ಎರಡು ಗಂಟೆ ತೆಗೆದುಕೊಳ್ಳುತ್ತದೆ, ಸರ್ಕಾರಿ ಫೆರ್ರಿ ಇನ್ನೂ ನಿಧಾನ, ದರವೂ ಎಷ್ಟೋ ಕಡಿಮೆ. ಖಾಸಗಿಯದರಲ್ಲಿ ಹೆಚ್ಚಿನವು ಮುಚ್ಚಿದ ಎಸಿ ಹಜಾರ. ಕಿಟಕಿಯಾಚೆ ದಿಗಂತ ಮೇಲೆ ಕೆಳಗೆ ಆಡುತ್ತಿರುತ್ತದೆ, ಒಳಗೆ ನೆಲ ಸ್ಥಿರವಾಗಿರುವಂತೆ ಕಾಣುತ್ತದೆ. ಕಣ್ಣು ಒಂದು ಹೇಳುತ್ತದೆ, ಕಿವಿಯೊಳಗಿನ ತಕ್ಕಡಿ ಇನ್ನೊಂದು. ಹೊಟ್ಟೆ ತೊಳಸುವುದು ಈ ಜಗಳದಿಂದ. ವಾಂತಿಯ ಮಾತ್ರೆ ಹಡಗು ಅಲ್ಲಾಡಲು ಶುರುವಾದ ಮೇಲೆ ನುಂಗಿದರೆ ಪ್ರಯೋಜನವಿಲ್ಲ, ಹತ್ತುವುದಕ್ಕೆ ಒಂದು ಗಂಟೆ ಮೊದಲೇ ಹೊಟ್ಟೆಯಲ್ಲಿರಬೇಕು. ಯಾವ ಮಾತ್ರೆ ಎಂದು ನಿಮ್ಮ ಡಾಕ್ಟರನ್ನು ಕೇಳಿ, ಏಕೆಂದರೆ ಬಹುತೇಕ ಎಲ್ಲವೂ ನಿದ್ದೆ ತರಿಸುತ್ತವೆ. ಎರಡು ಇಡ್ಲಿಯಷ್ಟು ತಿಂಡಿ ತಿಂದಿರಿ. ಖಾಲಿ ಹೊಟ್ಟೆಯೂ ಕೆಟ್ಟದ್ದು, ಪೂರಿ-ಸಾಗು ಅದಕ್ಕಿಂತ ಕೆಟ್ಟದ್ದು. ಹಡಗಿನ ಕೆಳ ಅಂತಸ್ತು, ನಡುಭಾಗ, ಮೂತಿಯಿಂದ ದೂರ: ಕುಲುಕು ಕಡಿಮೆ ಇರುವುದು ಅಲ್ಲಿ. ಹೆಚ್ಚು ದುಡ್ಡು ಕೊಟ್ಟು ಮೇಲಂತಸ್ತಿನ ಸೀಟು ಹಿಡಿದವರೇ ಹೆಚ್ಚು ವಾಂತಿ ಮಾಡುತ್ತಾರೆ. ಫೋನು ನೋಡಬೇಡಿ.

ಕೋಣೆ ಹಿಡಿಯುವಾಗ ಫೋಟೋ ನೋಡಿ ಮರುಳಾಗದೆ ಫೋನ್ ಮಾಡಿ ಮೂರು ಮಾತು ಕೇಳಿ. ಇಳಿತದ ಹೊತ್ತಿಗೆ ನಿಮ್ಮ ಮುಂದೆ ಈಜುವಷ್ಟು ನೀರಿರುತ್ತದೆಯೇ? ಕರೆಂಟ್ ಹೋದರೆ ಜನರೇಟರ್ ಎಸಿಯನ್ನೂ ಎಳೆಯುತ್ತದೆಯೇ, ಬರೀ ದೀಪ-ಫ್ಯಾನನ್ನೇ? ಮಾರ್ಚ್-ಏಪ್ರಿಲ್‌ನಲ್ಲಿ ಸಿಹಿನೀರಿಗೆ ತೊಂದರೆ ಇದೆಯೇ? ಮೊದಲನೆಯದಕ್ಕೆ ನೇರವಾಗಿ ‘ಇಲ್ಲ, ಈಜಲು ರಾಧಾನಗರಕ್ಕೆ ಹೋಗಿ’ ಎಂದು ಹೇಳಿದವರ ಮೇಲೆ ನಂಬಿಕೆ ಇಡಬಹುದು. ಪೂರ್ವ ದಡದಲ್ಲಿ ಉಳಿದು ದಿನವೂ ಮಧ್ಯಾಹ್ನ ಸ್ಕೂಟರಿನಲ್ಲಿ ಪಶ್ಚಿಮಕ್ಕೆ ಹೋಗುವುದೇ ಹೆಚ್ಚಿನವರಿಗೆ ಹೊಂದುವ ಏರ್ಪಾಡು. ಜೆಟ್ಟಿಯಿಂದ ರಾಧಾನಗರ ಸುಮಾರು 12 ಕಿ.ಮೀ., ಕೊನೆಯಲ್ಲಿ ಏರಿಳಿತದ ಕಾಡುದಾರಿ. ಸೂರ್ಯ ಮುಳುಗಿದ ಇಪ್ಪತ್ತು ನಿಮಿಷಕ್ಕೆ ಪೂರ್ತಿ ಕತ್ತಲಾಗುವುದರಿಂದ ಸ್ಕೂಟರ್ ತೆಗೆದುಕೊಳ್ಳುವಾಗಲೇ ಹೆಡ್‌ಲೈಟ್ ಹಾಕಿ ನೋಡಿ. ಬ್ರೇಕು, ಹಾರ್ನು, ಹಳೆಯ ಗೀರುಗಳ ವಿಡಿಯೋ, ಆಮೇಲೆ ಮುಂಗಡ. ಇಂಟರ್ನೆಟ್ 2020ರ ಆಗಸ್ಟಿನಲ್ಲಿ ಚೆನ್ನೈಯಿಂದ ಸಮುದ್ರದಡಿಯ ಕೇಬಲ್ ಬಂದ ಮೇಲೆ ಎಷ್ಟೋ ವಾಸಿ. ಆದರೂ ಯುಪಿಐ ಕೈಕೊಟ್ಟಾಗ ಪಕ್ಕದ ಎಟಿಎಂ ಖಾಲಿಯಿದ್ದರೆ ಬೇರೆ ದಾರಿಯಿಲ್ಲ. ಐದಾರು ಸಾವಿರ ನಗದು ಇಟ್ಟುಕೊಳ್ಳಿ.

ನೀರಿಗೆ ಇಳಿಯುವ ವಿಷಯಕ್ಕೆ ಬರೋಣ. ಬಯಲುಸೀಮೆಯ ಜೋಡಿಗಳಲ್ಲಿ ಮಾಮೂಲಾಗಿ ಒಬ್ಬರಿಗೆ ಈಜು ಬರುತ್ತದೆ, ಇನ್ನೊಬ್ಬರಿಗೆ ಬರುವುದಿಲ್ಲ. ಬರುವವರು ಬಾರದವರ ಕೈಹಿಡಿದು ‘ಏನೂ ಆಗಲ್ಲ ಬಾ’ ಎಂದು ಆಳಕ್ಕೆ ಎಳೆಯುವುದು, ಬಾರದವರು ಗಾಬರಿಯಲ್ಲಿ ಕತ್ತು ಹಿಡಿದುಕೊಳ್ಳುವುದು, ಇಬ್ಬರೂ ಉಪ್ಪುನೀರು ಕುಡಿದು ಮುಖ ಊದಿಸಿಕೊಂಡು ದಡಕ್ಕೆ ಬರುವುದು ಯಾವ ಬೀಚಿನಲ್ಲಾದರೂ ಕಾಣುವ ನೋಟ. ಸ್ನಾರ್ಕೆಲ್ (ಕಣ್ಣು-ಮೂಗಿಗೆ ಗಾಜಿನ ಮಾಸ್ಕ್, ಬಾಯಲ್ಲಿ ಉಸಿರಾಟದ ಕೊಳವೆ ಇಟ್ಟುಕೊಂಡು ತೇಲುತ್ತಾ ನೀರೊಳಗೆ ನೋಡುವುದು) ಕಲಿಯಲು ಈಜು ಬೇಕಿಲ್ಲ, ಸೊಂಟದಷ್ಟು ನೀರು, ಲೈಫ್ ಜಾಕೆಟ್ ಮತ್ತು ಮುಖಕ್ಕೆ ಕೂರುವ ಮಾಸ್ಕ್ ಸಾಕು.

ಈ ಮಾಸ್ಕಿನ ಮೇಲೆ ಎಲ್ಲವೂ ನಿಂತಿದೆ. ಹ್ಯಾವ್‌ಲಾಕ್‌ನ ಎಲಿಫೆಂಟ್ ಬೀಚಿನಲ್ಲಿ ದೋಣಿಯವರು ಕೊಡುವ ಮಾಸ್ಕು ಸಾವಿರ ಮುಖ ಕಂಡಿರುತ್ತದೆ, ಅಂಚಿನ ಸಿಲಿಕೋನ್ ಗಟ್ಟಿಯಾಗಿರುತ್ತದೆ. ಎರಡು ಸ್ವಂತ ಮಾಸ್ಕ್ ಕೊಂಡು ಹೋದರೆ ಆ ಖರ್ಚು ಮೊದಲ ದಿನವೇ ಗಿಟ್ಟುತ್ತದೆ. ಕೊಳ್ಳುವಾಗ ಪಟ್ಟಿಯನ್ನು ತಲೆಗೆ ಹಾಕದೆ ಮಾಸ್ಕನ್ನು ಬರೀ ಮುಖಕ್ಕೆ ಒತ್ತಿ, ಮೂಗಿನಿಂದ ಮೆಲ್ಲಗೆ ಉಸಿರೆಳೆದು ಹಿಡಿಯಿರಿ, ಕೈ ಬಿಡಿ. ಬೀಳದೆ ಅಂಟಿಕೊಂಡು ನಿಂತರೆ ಅದು ನಿಮ್ಮ ಮುಖದ್ದು. ಬಿದ್ದರೆ ಎಷ್ಟು ದುಬಾರಿಯದಾದರೂ ಬೇಡ. ನೀರು ಒಳಗೆ ಬರುವುದು ಹೆಚ್ಚಾಗಿ ಮೂರು ಕಾರಣಕ್ಕೆ. ಹಣೆಯ ಕೂದಲು ಅಂಚಿನಡಿ ಸಿಕ್ಕಿರುತ್ತದೆ, ಒಂದು ಎಳೆ ಸಾಕು. ಗಂಡಸರ ಮೀಸೆ, ಅದಕ್ಕೆ ಮೂಗಿನ ಕೆಳಗೆ ವ್ಯಾಸಲಿನ್ ಸವರಬೇಕು. ಮೂರನೆಯದು, ನೀರು ಬರುತ್ತಿದೆ ಎಂದು ಪಟ್ಟಿಯನ್ನು ಬಿಗಿ ಮಾಡುತ್ತಾ ಹೋಗುವುದು. ಬಿಗಿದಷ್ಟೂ ಅಂಚು ಸೊಟ್ಟಗಾಗಿ ಇನ್ನೂ ಸೋರುತ್ತದೆ. ಪಟ್ಟಿ ಕಿವಿಯ ಮೇಲೆ, ತಲೆಯ ಹಿಂದಿನ ಉಬ್ಬಿನ ಮೇಲೆ ಸಡಿಲವಾಗಿ ಕೂತಿರಲಿ.

ಹೊಸ ಮಾಸ್ಕಿನ ಗಾಜು ಮಂಜಾಗುವುದು ಕಾರ್ಖಾನೆಯ ಎಣ್ಣೆಯ ಪೊರೆಯಿಂದ. ಮನೆಯಲ್ಲೇ ಬಿಳಿ ಟೂತ್‌ಪೇಸ್ಟ್ ಹಚ್ಚಿ ಬೆರಳಿನಿಂದ ಒಳಗಿನ ಗಾಜನ್ನು ಎರಡು ನಿಮಿಷ ಉಜ್ಜಿ ತೊಳೆಯಿರಿ, ಇದನ್ನು ಎರಡು ಮೂರು ಸಲ ಮಾಡಿ. ನೀರಿಗಿಳಿಯುವ ಮುಂಚೆ ಒಣ ಗಾಜಿಗೆ ಉಗುಳು ಸವರಿ ಒಂದು ಸಲ ಅದ್ದಿ ತೆಗೆಯುವುದು ಹಳೆಯ ಉಪಾಯ, ಅದನ್ನು ಮೀರಿಸುವುದು ಇನ್ನೂ ಬಂದಿಲ್ಲ. ಆಮೇಲೆ ಸೊಂಟದಷ್ಟು ನೀರಿನಲ್ಲಿ ಮೊಣಕಾಲೂರಿ, ಮುಖ ಅದ್ದಿ, ಇಪ್ಪತ್ತು ಉಸಿರು. ಬಾಯಿಂದ ನಿಧಾನವಾಗಿ ಒಳಗೆ, ಅದಕ್ಕಿಂತ ನಿಧಾನವಾಗಿ ಹೊರಗೆ. ಇಪ್ಪತ್ತು ಎಣಿಸುವಷ್ಟರಲ್ಲಿ ಗಾಬರಿ ಇಳಿದಿರುತ್ತದೆ. ಕೊಳವೆಗೆ ನೀರು ನುಗ್ಗಿದರೆ ‘ಟು’ ಎಂದು ಜೋರಾಗಿ ಊದಿ ಹೊರಹಾಕುವುದನ್ನೂ ಅಲ್ಲೇ ನಾಲ್ಕು ಸಲ ಮಾಡಿ ನೋಡಿ. ಇಷ್ಟಾದ ಮೇಲೆ ಮುಖ ದಡದ ಕಡೆಗೆ ಇರುವಂತೆ ತೇಲಿ. ಕಾಲು ಊರಿದರೆ ನೆಲ ಸಿಗುತ್ತದೆ ಎಂಬ ಧೈರ್ಯ ಇರುವವರೆಗೆ ಮೀನು ಕಾಣುತ್ತದೆ, ಅದು ತಪ್ಪಿದರೆ ಎದೆಬಡಿತ ಬಿಟ್ಟು ಬೇರೇನೂ ತಿಳಿಯುವುದಿಲ್ಲ. ಆದರೆ ಊರುವುದು ಮರಳಿನ ಮೇಲೆ ಮಾತ್ರ, ಹವಳದ ಮೇಲೆ ಅಲ್ಲ. ಹವಳ ಕಲ್ಲಿನಂತೆ ಕಾಣುವ ಪ್ರಾಣಿಗಳ ಒಟ್ಟಿಲು. ಒಂದು ಒದೆತಕ್ಕೆ ಮುರಿದದ್ದು ಬೆಳೆಯಲು ವರ್ಷಗಳು ಬೇಕು, 2010ರ ಬೇಸಿಗೆಯಲ್ಲಿ ನೀರು ಬಿಸಿಯಾಗಿ ಇಲ್ಲಿನ ಹವಳ ಬಿಳಿಚಿಕೊಂಡದ್ದೂ ಇದೆ. ಹವಳ ತಾಗಿ ನಮಗಾದ ಗೀರೂ ಬೇಗ ವಾಸಿಯಾಗುವುದಿಲ್ಲ, ಅದು ಹವಳಕ್ಕೂ ನಮಗೂ ಇರುವ ಸಮಾನ ನಷ್ಟ.

ಬೆನ್ನಿಗೆ ಗಾಳಿಯ ಸಿಲಿಂಡರ್ ಕಟ್ಟಿಕೊಂಡು ಆಳಕ್ಕೆ ಇಳಿಯುವ ಸ್ಕೂಬಾ ಮಾಡುವವರಿಗೆ ಎರಡು ಮಾತು. ತರಬೇತಿಯಿಲ್ಲದವರನ್ನು 12 ಮೀಟರಿಗಿಂತ ಕೆಳಗೆ ಇಳಿಸುವಂತಿಲ್ಲ, ಒಬ್ಬ ಬೋಧಕರಿಗೆ ಒಬ್ಬರೇ ಇರಲಿ ಎಂದು ಕೇಳುವುದು ನ್ಯಾಯ. 10 ಮೀಟರಿನಲ್ಲಿ ಮೈಮೇಲಿನ ಒತ್ತಡ ಮೇಲಿನದಕ್ಕೆ ಎರಡರಷ್ಟಾಗುತ್ತದೆ, ಅದು ಮೊದಲು ಗೊತ್ತಾಗುವುದು ಕಿವಿಗೆ. ನೋವು ಬಂದ ಮೇಲಲ್ಲ, ಬರುವ ಮೊದಲೇ ಮೂಗು ಹಿಡಿದು ಮೆಲ್ಲಗೆ ಊದಿ ಕಿವಿ ತೆರೆದುಕೊಳ್ಳಬೇಕು. ನೆಗಡಿಯಿದ್ದರೆ ಆ ದಿನ ಬೇಡ. ಒಂದೇ ಸಲ ಇಳಿದಿದ್ದರೆ ವಿಮಾನ ಹತ್ತಲು ಕನಿಷ್ಠ 12 ಗಂಟೆ, ಎರಡು ಮೂರು ಸಲ ಇಳಿದಿದ್ದರೆ 18 ಗಂಟೆ ಕಾಯಬೇಕು. ಮೈಯಲ್ಲಿ ಕರಗಿದ ನೈಟ್ರೋಜನ್ ಎತ್ತರದಲ್ಲಿ ಗುಳ್ಳೆಯಾಗುತ್ತದೆ. ಆದ್ದರಿಂದ ಸ್ಕೂಬಾ ಎರಡನೇ ದಿನಕ್ಕಿರಲಿ, ಕೊನೆಗೆ ಬೇಡ.

ಬಿಸಿಲಿಗೆ ಕ್ರೀಮಿಗಿಂತ ಬಟ್ಟೆ ನಂಬಿಗಸ್ತ. ಕ್ರೀಮು ಕೆಲಸ ಮಾಡಲು ಇಡೀ ಮೈಗೆ ಒಂದು ಸಲಕ್ಕೆ ಸುಮಾರು 30 ಮಿ.ಲೀ. ಬೇಕು, ಎರಡು ಗಂಟೆಗೊಮ್ಮೆ ಮತ್ತೆ. ಯಾರೂ ಅಷ್ಟು ಹಚ್ಚುವುದಿಲ್ಲ, ಬಟಾಣಿಯಷ್ಟು ಸವರಿ ಎಸ್‌ಪಿಎಫ್ 50 ಎಂದು ನಂಬಿಕೊಂಡಿರುತ್ತಾರೆ. ತುಂಬುತೋಳಿನ ಈಜಂಗಿ ಇಬ್ಬರಿಗೂ ಕೊಳ್ಳಿ, ಮುಖ, ಕತ್ತು, ಪಾದದ ಮೇಲ್ಭಾಗಕ್ಕೆ ಜಿಂಕ್ ಆಕ್ಸೈಡ್ ಇರುವ ಕ್ರೀಮು ಸಾಕು. ಸ್ನಾರ್ಕೆಲ್ ಮಾಡುವವರಿಗೆ ಸುಡುವುದು ಬೆನ್ನು, ಮೊಣಕಾಲಿನ ಹಿಂಭಾಗ. ಅದು ಗೊತ್ತಾಗುವುದು ರಾತ್ರಿ, ಮಲಗಿದಾಗ.

ಇನ್ನೊಂದು ರಾತ್ರಿಯ ಉಪದ್ರವ ಮರಳಿನ ನೊರಜು. ಕೊಳೆತ ಪಾಚಿ ಬಿದ್ದಿರುವ ದಡದಲ್ಲಿ ಬೆಳಗ್ಗೆ, ಸಂಜೆ ಏಳುತ್ತವೆ, ಕಣ್ಣಿಗೆ ಕಾಣುವುದೇ ಕಷ್ಟ. ಕಚ್ಚಿದಾಗ ಗೊತ್ತಾಗದೆ ಮರುದಿನ ಕಾಲ ತುಂಬ ಕೆಂಪು ಗುಳ್ಳೆ, ವಾರಗಟ್ಟಲೆ ತುರಿಕೆ. ಮೊಣಕಾಲಿನಿಂದ ಕೆಳಗೆ ಕೊಬ್ಬರಿ ಎಣ್ಣೆಯನ್ನು ಜಿಡ್ಡಾಗುವಷ್ಟು ದಪ್ಪ ಹಚ್ಚಿದರೆ ಚರ್ಮಕ್ಕೆ ತಲುಪುವ ಮೊದಲೇ ಎಣ್ಣೆಯಲ್ಲಿ ಸಿಕ್ಕಿಕೊಳ್ಳುತ್ತವೆ. ಬರೀ ಮರಳಿನ ಮೇಲೆ ಮಲಗಬೇಡಿ. ದಪ್ಪ ಟವೆಲ್ಲಿಗಿಂತ ಹಳೆಯ ಕಾಟನ್ ಪಂಚೆ ವಾಸಿ, ಅಗಲವಾಗಿ ಹಾಸಬಹುದು, ಒದರಿದರೆ ಮರಳು ಬೀಳುತ್ತದೆ, ಅರ್ಧ ಗಂಟೆಗೆ ಒಣಗುತ್ತದೆ.

ಮೊಸಳೆಯ ಮಾತನ್ನು ಹೋಟೆಲಿನವರು ಎತ್ತುವುದಿಲ್ಲ. 2010ರ ಏಪ್ರಿಲ್‌ನಲ್ಲಿ ರಾಧಾನಗರದ ಪಕ್ಕದ ಸಣ್ಣ ಕೊಲ್ಲಿಯಲ್ಲಿ ಸ್ನಾರ್ಕೆಲ್ ಮಾಡುತ್ತಿದ್ದ ಪ್ರವಾಸಿಯೊಬ್ಬರು ಉಪ್ಪುನೀರಿನ ಮೊಸಳೆಗೆ ಬಲಿಯಾದರು. ತೀರಾ ಅಪರೂಪದ ಘಟನೆ, ಆದರೆ ಅಂಡಮಾನಿನ ಕಾಂಡ್ಲಾ (ಮ್ಯಾಂಗ್ರೋವ್) ಕಾಡು, ಹಳ್ಳ ಸೇರುವ ಜಾಗಗಳು ಅವುಗಳ ಮನೆ. ಈಜುವುದು ಲೈಫ್‌ಗಾರ್ಡ್ ಇರುವ ಕಡೆ, ಬೆಳಕಿದ್ದಾಗ ಮಾತ್ರ. ಎಚ್ಚರಿಕೆಯ ಫಲಕ ಇದ್ದಲ್ಲಿ ಮೊಣಕಾಲು ನೀರಿಗೂ ಇಳಿಯಬೇಡಿ.

ಮಿನುಗುವ ನೀರು ನೋಡಲು ರಾತ್ರಿ ಕಯಾಕ್ ಹೋಗುವವರೂ ಮಾರ್ಗದರ್ಶಕರಿಲ್ಲದೆ ಹೋಗಬಾರದು, ಮತ್ತು ಆ ವಾರ ಮೊಸಳೆ ಕಂಡ ಸುದ್ದಿಯಿದೆಯೇ ಎಂದು ಕೇಳಿಯೇ ಹೊರಡಬೇಕು. ನೀರಿನಲ್ಲಿರುವ ಏಕಕೋಶ ಜೀವಿಗಳು ಕದಡಿದಾಗ ಹೊಳೆಯುತ್ತವೆ. ಹುಟ್ಟು ಅದ್ದಿದಲ್ಲೆಲ್ಲ ನೀಲಿ ಕಿಡಿ. ಕಣ್ಣು ಕತ್ತಲೆಗೆ ಹೊಂದಿಕೊಳ್ಳಲು ಇಪ್ಪತ್ತು ನಿಮಿಷ ಬೇಕು, ನಡುವೆ ಒಬ್ಬರು ಫೋನ್ ತೆರೆದರೂ ಇಬ್ಬರ ಕಣ್ಣೂ ಮೊದಲಿನಿಂದ ಶುರು. ಫೋನಿನ ಕ್ಯಾಮೆರಾದಲ್ಲಿ ಅದು ಸರಿಯಾಗಿ ಬರುವುದೂ ಕಷ್ಟ. ಇಬ್ಬರ ಕಯಾಕಿನಲ್ಲಿ ಭಾರ ಹೆಚ್ಚಿರುವವರು ಹಿಂದೆ ಕೂರಬೇಕು, ತಿರುಗಿಸುವ ಕೆಲಸ ಅವರದು. ಮುಂದಿನವರು ಹುಟ್ಟಿನ ಲಯ ಇಡುತ್ತಾರೆ, ಹಿಂದಿನವರು ಅದನ್ನು ಅನುಸರಿಸುತ್ತಾರೆ. ಇದು ತಲೆಕೆಳಗಾದಾಗ, ಅಂದರೆ ಹಿಂದಿನವರು ಲಯವನ್ನೂ ತಾವೇ ಹೇಳಲು ಹೊರಟಾಗ, ಹುಟ್ಟುಗಳು ಒಂದಕ್ಕೊಂದು ಬಡಿದು ದೋಣಿ ಕಾಂಡ್ಲಾ ಬೇರಿಗೆ ಹೋಗಿ ಒರಗುತ್ತದೆ. ಮನೆಯಲ್ಲಿ ಕಾರು ಓಡಿಸುವಾಗ ಪಕ್ಕದ ಸೀಟಿನಿಂದ ಸಲಹೆ ಬರುವ ಜೋಡಿಗಳು ಬೇರೆ ಬೇರೆ ಕಯಾಕ್ ಕೇಳುವುದೇ ಕ್ಷೇಮ.

ಊಟದ ಚಿಂತೆ ಬೇಡ. ಹ್ಯಾವ್‌ಲಾಕ್‌ನಲ್ಲಿ ನೆಲೆಸಿದ ಬಹುಪಾಲು ಕುಟುಂಬಗಳು ದೇಶವಿಭಜನೆಯ ನಂತರ ಪೂರ್ವ ಬಂಗಾಳದಿಂದ ಬಂದವರು, ಬಜಾರಿನ ಸಣ್ಣ ಹೋಟೆಲುಗಳಲ್ಲಿ ಅನ್ನ, ಬೇಳೆ, ಮೀನಿನ ಸಾರು ಚೆನ್ನಾಗಿರುತ್ತದೆ. ಇಡ್ಲಿ-ದೋಸೆಯೂ ಸಿಗುತ್ತದೆ. ದೊಡ್ಡ ಮೀನು, ಸಿಗಡಿಯನ್ನು ತೂಕದ ಮೇಲೆ ಮಾರುವಲ್ಲಿ ಒಲೆಗೆ ಹಾಕುವ ಮುಂಚೆಯೇ ತೂಗಿಸಿ, ಬೆಲೆ ಬಾಯಲ್ಲಿ ಹೇಳಿಸಿ.

ಹೊರಡುವ ದಿನ ಪೆಟ್ಟಿಗೆಯಲ್ಲಿ ಕಪ್ಪೆಚಿಪ್ಪು, ಹವಳದ ತುಂಡು ಇರಬಾರದು. ಹವಳ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಬರುತ್ತದೆ, ಸತ್ತದ್ದಾದರೂ ಸರಿ, ವಿಮಾನ ನಿಲ್ದಾಣದ ಸ್ಕ್ಯಾನರಿನಲ್ಲಿ ಕಂಡರೆ ಪೆಟ್ಟಿಗೆ ಬಿಚ್ಚಿಸುತ್ತಾರೆ. ಇನ್ನು ಶಂಖದಂಥ ಖಾಲಿ ಚಿಪ್ಪುಗಳು ಅನೇಕ ಸಲ ಖಾಲಿಯಾಗಿರುವುದೇ ಇಲ್ಲ. ಚಂದದ್ದೊಂದು ಕಣ್ಣಿಗೆ ಬಿದ್ದರೆ ಎತ್ತಿಕೊಳ್ಳದೆ ಇಬ್ಬರೂ ಎರಡು ಹೆಜ್ಜೆ ಹಿಂದೆ ಸರಿದು, ಮಾತಾಡದೆ ಐದು ನಿಮಿಷ ಕುಕ್ಕರಗಾಲಿನಲ್ಲಿ ಕೂತು ನೋಡಿ. ಮೊದಲು ಎರಡು ಮೀಸೆ ಹೊರಬರುತ್ತವೆ, ಆಮೇಲೆ ಒಂದು ಕಾಲು. ಏಡಿ ಚಿಪ್ಪನ್ನು ಹೊತ್ತುಕೊಂಡು ನೆರಳಿನ ಕಡೆಗೆ ಹೊರಟುಬಿಡುತ್ತದೆ.